ಪುಟ ನಲವತ್ತೊಂದರ ಅಂಚು

ಜೂನ್ ೯

ಸದಸ್ಯ ಸಂಖ್ಯೆ ೪೧೭ ಅವರಿಗೆ,

ನಮ್ಮ ಅಂಚೆ ಗ್ರಂಥಾಲಯದಿಂದ ಕಳೆದ ಒಂಬತ್ತು ವರ್ಷಗಳಲ್ಲಿ ನೀವು ತರಿಸಿಕೊಂಡದ್ದು ಹದಿನಾಲ್ಕು ಅಡುಗೆ ಪುಸ್ತಕಗಳು, ಮೂರು ಕಾದಂಬರಿಗಳು. ಕೆಲವನ್ನು ಈವರೆಗೆ ನಾಲ್ಕು ಸಲ ತರಿಸಿಕೊಂಡಿದ್ದೀರಿ. ಒಂದೇ ಅಡುಗೆ ಪುಸ್ತಕವನ್ನು ಒಬ್ಬರು ನಾಲ್ಕು ಸಲ ಓದುವುದೇಕೆ ಎಂಬ ಕುತೂಹಲದಿಂದ ಮೊನ್ನೆ ಒಂದನ್ನು ಬಿಚ್ಚಿ ನೋಡಿದೆ. ಆಮೇಲೆ ಹದಿನೇಳನ್ನೂ ನೋಡಿದೆ.

ಅಂಚು ಖಾಲಿ ಇರುವ ಪುಟವನ್ನು ಹುಡುಕಬೇಕಾಯಿತು. ಎರಡು ಬಗೆಯ ಬರಹಗಳಿವೆ. ಒಂದು ಸಣ್ಣದು, ಬಲಕ್ಕೆ ವಾಲಿದ್ದು. ಅದು ನಿಮ್ಮದೆಂದು ಸದಸ್ಯತ್ವದ ಅರ್ಜಿಯ ಜೊತೆ ಹೋಲಿಸಿ ಖಚಿತಪಡಿಸಿಕೊಂಡಿದ್ದೇನೆ. ಇನ್ನೊಂದು ದೊಡ್ಡ ಸೊಟ್ಟ ಅಕ್ಷರ, ಪೆನ್ಸಿಲು ಕಾಗದದೊಳಗೆ ಇಳಿಯುವಷ್ಟು ಒತ್ತಿ ಬರೆದದ್ದು. ಗ್ರಂಥಾಲಯದ ಪುಸ್ತಕವನ್ನು ಮನೆಯ ಮಗುವಿನ ಕೈಗೆ ಸ್ಲೇಟಿನಂತೆ ಕೊಡುವುದು ತಮಗೆ ಶೋಭಿಸುವುದಿಲ್ಲ.

ಸೆಪ್ಟೆಂಬರ್ ಮೂರಕ್ಕೆ ಸಮಿತಿಯ ತಪಾಸಣೆ ಇದೆ. ನಿಯಮ ಹನ್ನೊಂದರ ಪ್ರಕಾರ, ಬರಹವಿರುವ ಪುಸ್ತಕಗಳು ರದ್ದಿಗೆ ಹೋಗುತ್ತವೆ. ಬರೆದವರ ಸದಸ್ಯತ್ವವೂ ಹೋಗುತ್ತದೆ. ಪುಸ್ತಕಗಳನ್ನು ಎರಡು ಕಟ್ಟು ಮಾಡಿ ಕಳಿಸುತ್ತೇನೆ. ಅಳಿಸಿ ಹಿಂದಿರುಗಿಸತಕ್ಕದ್ದು.

ಗ್ರಂಥಪಾಲಕ


ಜೂನ್ ೧೬

ಗ್ರಂಥಪಾಲಕರಿಗೆ,

ಅಳಿಸುವುದಿಲ್ಲ. ಕಟ್ಟು ಕಳಿಸಬೇಡಿ.

ನಾನು ನೂಲಿನ ಗಿರಣಿಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವಳು. ದಿನಕ್ಕೆ ಮುನ್ನೂರ ಇಪ್ಪತ್ತು ತಟ್ಟೆ. ಹತ್ತೊಂಬತ್ತು ವರ್ಷದಲ್ಲಿ ಊಟದ ಗಂಟೆ ಹೊಡೆದಾಗ ಅಡುಗೆ ಆಗಿರಲಿಲ್ಲ ಎನ್ನುವ ದಿನ ಒಂದೂ ಇಲ್ಲ. ನಿಮ್ಮ ಪುಸ್ತಕಗಳಲ್ಲಿ ನಾನು ಬರೆದದ್ದೆಲ್ಲ ಮಾಡಿ ನೋಡಿ ಬರೆದದ್ದು. ಅವುಗಳಲ್ಲಿ ಅಚ್ಚಾಗಿರುವುದೆಲ್ಲ ಹಾಗೆ ಬರೆದದ್ದಲ್ಲ.

ಅಡುಗೆ ಪುಸ್ತಕ ಬರೆಯುವವರು ಹೆಚ್ಚಾಗಿ ತಪ್ಪೇ ಮಾಡದ ಜನ. ಅವರ ಮನೆಯಲ್ಲಿ ಹಾಲು ಉಕ್ಕುವುದಿಲ್ಲ, ತಳ ಹಿಡಿಯುವುದಿಲ್ಲ, ಹಿಟ್ಟು ಕೈಗೆ ಅಂಟುವುದಿಲ್ಲ. ಕೆಟ್ಟರೆ ಏನು ಮಾಡಬೇಕು ಎಂದು ಹೇಳದ ಪುಸ್ತಕವನ್ನು ನಾನು ಅಡುಗೆ ಪುಸ್ತಕ ಎನ್ನುವುದಿಲ್ಲ. ಅದು ಮದುವೆಯ ಆಲ್ಬಮ್ಮು. ನೀಲಿ ರಟ್ಟಿನ ದಪ್ಪ ಪುಸ್ತಕದಲ್ಲಿ ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬ ಮಾತು ನೂರ ಹನ್ನೆರಡು ಸಲ ಬರುತ್ತದೆ. ಯಾರ ರುಚಿಗೆ? ಗೊತ್ತಿದ್ದರೆ ಅಳತೆ ಹೇಳಬೇಕು, ಗೊತ್ತಿಲ್ಲದಿದ್ದರೆ ಪುಸ್ತಕ ಬರೆಯಬಾರದು. ನಾನು ನೂರ ಹನ್ನೆರಡರ ಪಕ್ಕದಲ್ಲೂ ಅಳತೆ ಬರೆದಿದ್ದೇನೆ. ಅವನ್ನು ಅಳಿಸಿದರೆ ಆ ಪುಸ್ತಕದಲ್ಲಿ ಉಪ್ಪೇ ಉಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಸಣ್ಣ ಮಕ್ಕಳಿಲ್ಲ. ಆ ವಿಷಯ ಇಷ್ಟು ಸಾಕು.

ಸದಸ್ಯ ಸಂಖ್ಯೆ ೪೧೭


ಜೂನ್ ೨೭

ಸದಸ್ಯರಿಗೆ,

ನಿಮ್ಮ ಉಪ್ಪಿನ ವಿಚಾರ ಓದಿದೆ. ನಾನು ಇಪ್ಪತ್ತಾರು ವರ್ಷದಿಂದ ಮೆಸ್ಸಿನಲ್ಲಿ ಉಣ್ಣುವವನು. ಅಡುಗೆ ಬಾರದು. ಆದ್ದರಿಂದ ನೂರ ಹನ್ನೆರಡು ಅಳತೆಗಳ ಬಗ್ಗೆ ಏನೂ ಹೇಳಲಾರೆ. ಕಾದಂಬರಿಯ ಬಗ್ಗೆ ಹೇಳಬಲ್ಲೆ.

ದೊಡ್ಡ ಮನೆಯ ಅಡುಗೆಯ ಹುಡುಗಿಯ ಕಥೆ ಇದೆಯಲ್ಲ, ಅದರ ಕೊನೆಯ ಭಾಗ. ಅವಳು ಮೆಚ್ಚಿದವನಿಗೆ ಬೇರೆ ಕಡೆ ಮದುವೆ ನಿಶ್ಚಯವಾದ ಸುದ್ದಿ ಬರುತ್ತದೆ. ಅಳುವುದು ಯಾರಿಗೂ ತಿಳಿಯಬಾರದೆಂದು ಅವಳು ಬುಟ್ಟಿ ಈರುಳ್ಳಿ ಎಳೆದುಕೊಂಡು ಹೆಚ್ಚಲು ಕೂರುತ್ತಾಳೆ. ಮೂವತ್ತು ವರ್ಷದ ಹಿಂದೆ ಆ ಪುಟಕ್ಕೆ ಕಣ್ಣೀರು ಹಾಕಿದವರಿದ್ದಾರೆ. ಅದರ ಅಂಚಿನಲ್ಲಿ ನೀವು ‘ಸುಳ್ಳು’ ಎಂದು ಬರೆದಿದ್ದೀರಿ. ಕೆಳಗೆ ಆ ಮಗು ‘ಶುದ್ಧ ಸುಳ್ಳು’ ಎಂದು ಬರೆದಿದೆ. ದೊಡ್ಡವರನ್ನು ನೋಡಿಯೇ ಮಕ್ಕಳು ಕಲಿಯುವುದು.

ನೀವು ಅಳಿಸದಿದ್ದರೆ ನಾನು ಏನು ಮಾಡಬೇಕೋ ಮಾಡುತ್ತೇನೆ.

ಗ್ರಂಥಪಾಲಕ


ಜುಲೈ ೪

ಗ್ರಂಥಪಾಲಕರಿಗೆ,

ನಿಮ್ಮ ಪತ್ರವನ್ನು ನನ್ನ ಅತ್ತೆಗೆ ಓದಿ ಹೇಳಿದೆ. ಕೆಲವು ಸಾಲು ಬಿಟ್ಟು ಓದಿದೆ. ಅತ್ತೆ ಮೂವತ್ತು ವರ್ಷ ಒಂದು ವಸತಿಗೃಹದಲ್ಲಿ ಅಡುಗೆ ಮಾಡಿದವರು. ಎರಡು ವರ್ಷದಿಂದ ಕಣ್ಣು ಮಂಜಾಗಿ ಈಗ ಬೆಳಕು ನೆರಳು ಮಾತ್ರ ತಿಳಿಯುತ್ತದೆ. ಕಿವಿ, ಬಾಯಿ ಎರಡೂ ಚೆನ್ನಾಗಿವೆ.

“ಯಾರೇ ಅದು, ಕಣ್ಣೀರು ಹಾಕಿದವರು?” ಎಂದು ಕೇಳಿದರು.

“ಗೊತ್ತಿಲ್ಲ ಅತ್ತೆ. ಇದ್ದಾರೆ ಅಂತಷ್ಟೇ ಬರೆದಿದ್ದಾರೆ.”

“ಅವನೇ ಕಣೇ. ಬೇರೆ ಯಾರೋ ಆಗಿದ್ರೆ ಇಂಥವರು ಅಂತ ಹೇಳ್ತಿದ್ದ.” ಆಮೇಲೆ ಹೇಳಿದರು, “ದಿನಾ ಈರುಳ್ಳಿ ಹೆಚ್ಚೋಳಿಗೆ ಈರುಳ್ಳಿಯಿಂದ ಕಣ್ಣಲ್ಲಿ ನೀರು ಬರಲ್ಲ ಅಂತ ಬರಿ ಅವನಿಗೆ. ಆ ಹುಡುಗಿ ಹನ್ನೆರಡು ವರ್ಷದಿಂದ ಆ ಮನೇಲಿ ಅಡುಗೆ ಮಾಡ್ತಿದ್ದಾಳೆ ಅಂತ ಕಥೆ ಬರೆದೋನೇ ಬರೆದಿದ್ದಾನೆ. ಅವಳ ಕಣ್ಣಲ್ಲಿ ನೀರು ನೋಡಿದ್ರೆ ಮನೆಯವರಿಗೆಲ್ಲ ಗೊತ್ತಾಗ್ಬೇಕು, ಏನೋ ಆಗಿದೆ ಅಂತ. ಮುಚ್ಚಿಟ್ಟ ಹಾಗೆಲ್ಲಿ ಆಯ್ತು? ಡಂಗುರ ಹೊಡೆದ ಹಾಗಾಯ್ತು.”

ಇದರಲ್ಲಿ ನಾನು ಸೇರಿಸುವುದು ಸ್ವಲ್ಪ. ಅಳಬೇಕಾದಾಗ ಅಡುಗೆಯವಳು ದೊಡ್ಡ ಪಾತ್ರೆ ತಿಕ್ಕಲು ಕೂರುತ್ತಾಳೆ. ತಲೆಯನ್ನು ಒಳಗೆ ಹಾಕಬಹುದು, ಸದ್ದೂ ಇರುತ್ತದೆ. ಊಟದ ಬಗ್ಗೆ ಕಾದಂಬರಿ ಬರೆಯುವವರಿಗೆ ಇದು ಹೊಳೆಯುವುದಿಲ್ಲ, ಏಕೆಂದರೆ ಅವರು ಬಡಿಸಿದ ತಟ್ಟೆಯಿಂದ ಶುರುಮಾಡಿ ಕೊನೆಯ ತುತ್ತಿಗೆ ನಿಲ್ಲಿಸುತ್ತಾರೆ. ಮೂರು ಕಾದಂಬರಿಗಳಲ್ಲಿ ಸೇರಿಸಿ ಹನ್ನೊಂದು ಔತಣಗಳಿವೆ. ಒಂದು ಲೋಟವನ್ನೂ ಯಾರೂ ತೊಳೆದಿಲ್ಲ. ಇನ್ನೊಂದು: ಅಡುಗೆ ಮಾಡಿದವಳು ಎಲ್ಲರ ಜೊತೆ ಕೂತು ಚಪ್ಪರಿಸಿಕೊಂಡು ಉಣ್ಣುತ್ತಾಳೆ ಎಂದು ಬರೆಯುತ್ತಾರೆ. ಬೆಳಗಿನಿಂದ ಆ ಹಬೆಯಲ್ಲಿ ನಿಂತವಳಿಗೆ ಬೇಕಾಗುವುದು ಒಂದು ಲೋಟ ತಣ್ಣೀರು, ಕೂರಲು ಒಂದು ಸ್ಟೂಲು.

ನನ್ನ ಗಂಡ ಗಿರಣಿಯಲ್ಲಿ ಫಿಟ್ಟರು. “ಇಷ್ಟು ದೂರದವರ ಹತ್ರ ಜಗಳ ಆಡೋಕೆ ಅಂಚೆ ಚೀಟಿ ಯಾಕೆ ದಂಡ ಮಾಡ್ತೀರಿ, ನಾನಿಲ್ವಾ?” ಎಂದರು. “ನೀನು ಪುಸ್ತಕ ಓದಿದ್ರೆ ನಿನ್ನ ಹತ್ರಾನೇ ಆಡ್ತಿದ್ವಿ” ಎಂದರು ಅತ್ತೆ.

ಇಲ್ಲಿಂದ ಮುಂದಿನದನ್ನು ಬರೆಯಲು ಎರಡು ದಿನ ಹಿಡಿಯಿತು. ನನ್ನ ಸಣ್ಣ ಅಕ್ಷರಗಳನ್ನು ಬೇಕಾದರೆ ಅಳಿಸಿ. ನೂರ ಹನ್ನೆರಡು ಅಳತೆಗಳನ್ನೂ ಅಳಿಸಿ. ಆ ದೊಡ್ಡ ಅಕ್ಷರಗಳನ್ನು ಮಾತ್ರ ಮುಟ್ಟಬೇಡಿ. ಕಾರಣ ಕೇಳಬೇಡಿ. ಈ ತಿಂಗಳು ನೀಲಿ ಪುಸ್ತಕ ಕಳಿಸಿ. ಪುಟ ನಲವತ್ತೊಂದು ಬೇಕಾಗಿದೆ.

ಸದಸ್ಯ ಸಂಖ್ಯೆ ೪೧೭


ಜುಲೈ ೨೨

ಪ್ರಿಯ ಸದಸ್ಯರೇ,

ಒಳ್ಳೆಯ ಸುದ್ದಿ. ಹದಿನೇಳೂ ಪುಸ್ತಕಗಳು ಈಗ ಅಂಗಡಿಯಿಂದ ಬಂದಂತಿವೆ. ನಿಮ್ಮ ಸದಸ್ಯತ್ವಕ್ಕೆ ಏನೂ ಆಗುವುದಿಲ್ಲ.

ನಾನೇ ಅಳಿಸಿದೆ. ನಮ್ಮ ಕೋಣೆ ಅಂಚೆ ಕಚೇರಿಯ ಮಹಡಿಯ ಮೇಲಿದೆ. ಕಿಟಕಿಯ ಪಕ್ಕ ಕಟ್ಟುಗಳಿಗೆ ಹುರಿ ಹಾಕುವ ಉದ್ದ ಮೇಜು. ಮಧ್ಯಾಹ್ನದ ಕಟ್ಟುಗಳು ಇಳಿದ ಮೇಲೆ ಅಲ್ಲಿ ಕೂತು, ಮೂರು ವಾರ. ನಾಲ್ಕು ರಬ್ಬರು ಸವೆದವು. ನಿಮ್ಮ ಅಕ್ಷರ ಉಜ್ಜಿದ ಕೂಡಲೇ ಹೋಗುತ್ತದೆ, ಹಗುರ ಕೈ. ದೊಡ್ಡ ಅಕ್ಷರಗಳದ್ದೇ ಕಷ್ಟ. ಪುಟ ನಲವತ್ತೊಂದರಲ್ಲಿ ಕಾಗದವೇ ಕಿತ್ತುಬರುತ್ತಿತ್ತು, ಸ್ವಲ್ಪದರಲ್ಲಿ ಉಳಿಯಿತು. ಕಣ್ಣಿಗೆ ಹೊಡೆಯುತ್ತಿದ್ದವು ಅವೇ ಆದ್ದರಿಂದ ಅವುಗಳಿಂದಲೇ ಶುರುಮಾಡಿದ್ದೆ. ನಿಮ್ಮ ಪತ್ರ ಬರುವಷ್ಟರಲ್ಲಿ ಅಷ್ಟೂ ಮುಗಿದಿತ್ತು.

ಅವನ್ನು ಉಳಿಸಿ ಎಂದು ನೀವು ಬರೆದದ್ದು ನನಗೆ ಅರ್ಥವಾಗುತ್ತದೆ. ಸಣ್ಣ ಮಕ್ಕಳಿಲ್ಲ ಎಂದಿದ್ದಿರಿ. ಅಂದರೆ ಮಗು ಈಗ ದೊಡ್ಡದಾಗಿದೆ, ತಾಯಿಗೆ ಆ ಅಕ್ಷರದ ಮೇಲೆ ಮಮತೆ. ಬೇಸರ ಬೇಡ. ದೊಡ್ಡವರಾದ ಮೇಲೆ ಮಕ್ಕಳಿಗೇ ಹಳೆಯ ಸೊಟ್ಟ ಅಕ್ಷರ ನಾಚಿಕೆ ತರುತ್ತದೆ.

ಇಪ್ಪತ್ತಾರು ವರ್ಷದಲ್ಲಿ ಒಬ್ಬ ಸದಸ್ಯರಿಗಾಗಿ ನಾನು ಇಷ್ಟು ಮಾಡಿದ್ದಿಲ್ಲ. ಹೇಳಿಕೊಳ್ಳುತ್ತಿದ್ದೇನೆ, ಹೌದು. ನೀಲಿ ಪುಸ್ತಕ ಇದರ ಜೊತೆಗಿದೆ.

ಗ್ರಂಥಪಾಲಕ


ಆಗಸ್ಟ್ ೧೪

ಪ್ರಿಯ ಸದಸ್ಯರೇ,

ಪುಸ್ತಕ ತಲುಪಿದ ಬಗ್ಗೆ ತಿಳಿಸಿಲ್ಲ. ಪ್ರತಿ ಸಲವೂ ಮೂರನೆಯ ದಿನಕ್ಕೆ ನಿಮ್ಮ ಕಾರ್ಡು ಬರುತ್ತಿತ್ತು. ಪುಸ್ತಕ ಹೇಗಿದೆ ಎಂದು ಒಂದು ಸಾಲು ಬರೆದರೆ ಸಾಕು.

ಗ್ರಂಥಪಾಲಕ


ಆಗಸ್ಟ್ ೨೧

ಗ್ರಂಥಪಾಲಕರಿಗೆ,

ಮೂರು ಸಲ ಬರೆಯಲು ಕೂತೆ. ಮೂರು ಸಲವೂ ಬೈಗುಳದಲ್ಲಿ ಮುಗಿಯಿತು, ಹರಿದೆ. ಈಗ ಬರೆಯಬಲ್ಲೆ.

ಆ ಅಕ್ಷರ ನನ್ನ ಅತ್ತೆಯದು.

ನಾನು ಈ ಮನೆಗೆ ಬಂದಾಗ ಅಡುಗೆಮನೆ ಒಂದು, ಅಡುಗೆಯವರು ಇಬ್ಬರು. ಅತ್ತೆ ಸೌಟು ಬಿಟ್ಟುಕೊಡಲಿಲ್ಲ, ನಾನು ಕೇಳಲಿಲ್ಲ. ಒಲೆಯ ವಿಷಯ ಒಂದನ್ನು ಬಿಟ್ಟು ಮಿಕ್ಕೆಲ್ಲ ಮಾತಾಡುತ್ತಿದ್ದೆವು. ಅವರಿಗೆ ಓದು ಬರುತ್ತಿರಲಿಲ್ಲ. ನಿಮ್ಮ ಗ್ರಂಥಾಲಯ ಸೇರಿದ ವರ್ಷ ನೀಲಿ ಪುಸ್ತಕ ಮೊದಲ ಸಲ ಬಂತು. ಪುಟ ನಲವತ್ತೊಂದರಲ್ಲಿ ಒಂದು ಅಡುಗೆಯ ಕೊನೆಯ ಹಂತ ಹೀಗಿದೆ: ‘ಮನೆಯವರು ಬಂದೊಡನೆ ನಗುಮೊಗದಿಂದ ಬಡಿಸಿ.’ ಬೇಯಿಸಿ, ಬಸಿಯಿರಿ, ನಗುಮೊಗ. ಜೋರಾಗಿ ನಕ್ಕೆ.

“ಏನೇ ನಗ್ತೀಯ, ನನಗೂ ಹೇಳು” ಎಂದರು ಅತ್ತೆ.

ನಾನು, “ನೀವೇ ಓದಿ ನೋಡಿ ಅತ್ತೆ” ಎಂದೆ.

ಅವರಿಗೆ ಓದು ಬಾರದೆಂದು ಗೊತ್ತಿದ್ದೇ ಹಾಗೆ ಹೇಳಿದೆ. ಆಮೇಲೆ ಅವರು, ಮಧ್ಯಾಹ್ನ ನಾನು ಗಿರಣಿಯಲ್ಲಿರುವ ಹೊತ್ತಿನಲ್ಲಿ ಪಕ್ಕದ ಬೀದಿಯ ಬಟ್ಟೆ ಹೊಲಿಯುವವಳ ಹತ್ತಿರ ಹೋಗಿ ಅಕ್ಷರ ಕಲಿತರಂತೆ. ನನಗೆ ಸುಳಿವೇ ಇಲ್ಲ. ಏಳು ತಿಂಗಳ ಮೇಲೆ ಆ ಪುಸ್ತಕವನ್ನು ಎರಡನೆಯ ಸಲ ತರಿಸಿದ್ದೆ. ಒಂದು ಸಂಜೆ ಕೆಲಸದಿಂದ ಬಂದು ನೋಡಿದರೆ ಪುಟ ನಲವತ್ತೊಂದರ ಅಂಚಿನಲ್ಲಿ ದೊಡ್ಡದಾಗಿ:

‘ಓದಿದೆ. ನಗು ಬರಲಿಲ್ಲ.’

ಆಗ ಅವರಿಗೆ ಐವತ್ತೆಂಟು. ಅವರು ಜೀವನದಲ್ಲಿ ಬರೆದ ಮೊದಲ ವಾಕ್ಯ ಅದು. ಅಂದಿನಿಂದ ನಾನು ಬೆಳಿಗ್ಗೆ ಬರೆದಿಟ್ಟು ಹೋದದ್ದಕ್ಕೆ ಸಂಜೆಯೊಳಗೆ ಅವರ ಉತ್ತರ ಇರುತ್ತಿತ್ತು. ಪೆನ್ಸಿಲು ಕಿಟಕಿಯ ಮೇಲೆ. ಬಾಯಲ್ಲಿ ಆಡದ ಒಲೆಯ ಮಾತನ್ನೆಲ್ಲ ನಿಮ್ಮ ಹದಿನೇಳು ಪುಸ್ತಕಗಳ ಅಂಚಿನಲ್ಲಿ ಆಡಿದ್ದೇವೆ. ಬೇರೆಲ್ಲೂ ಅವರು ಒಂದಕ್ಷರ ಬರೆದಿಲ್ಲ. ಕಣ್ಣು ಹೋದ ಮೇಲೆ ನಿಂತುಹೋಯಿತು. ಅದಕ್ಕೇ ಅದೇ ಪುಸ್ತಕಗಳನ್ನು ಮತ್ತೆ ತರಿಸುತ್ತಿದ್ದೆ. ಸಂಜೆ ಅವರಿಗೆ ಬೇಕಾದದ್ದು ಪಾಕವಿಧಾನ ಅಲ್ಲ. “ಅರವತ್ತನೇ ಪುಟದಲ್ಲಿ ನಾನೇನಂದಿದ್ದೆ, ಓದು” ಎನ್ನುತ್ತಿದ್ದರು. ಓದಿದರೆ ಬೆನ್ನು ನೇರ ಮಾಡಿ ಕೂರುತ್ತಿದ್ದರು.

ನೀವು ಸ್ವಚ್ಛ ಮಾಡಿದ ಪುಸ್ತಕ ಬಂದ ಸಂಜೆ ಅವರಿಗೆ ಹೇಳಲಿಲ್ಲ. ನೆನಪಿನಿಂದ ಹೇಳುತ್ತಾ ಓದುವ ಹಾಗೆ ನಟಿಸಿದೆ. ಎಂಟು ದಿನ ನಡೆಯಿತು. ಒಂಬತ್ತನೆಯ ದಿನ ಒಂದು ಪುಟ ನೆನಪಾಗದೆ, ‘ಇದು ಸ್ವಲ್ಪ ಸರಿಯಿಲ್ಲ’ ಎಂದು ಬಿಟ್ಟೆ.

“ನಿಲ್ಲಿಸು. ‘ಸ್ವಲ್ಪ’ ಅಂತ ನಾನು ಯಾವತ್ತು ಬರೆದಿದ್ದೆ?”

ಹೇಳಬೇಕಾಯಿತು. ನಿಮ್ಮ ಪತ್ರಗಳನ್ನು ಮೊದಲಿನಿಂದ, ಸಾಲು ಬಿಡದೆ ಓದಬೇಕಾಯಿತು. ‘ಮಗು’ ಬಂದಲ್ಲೆಲ್ಲ ನನ್ನ ದನಿ ಸಣ್ಣದಾಯಿತು. ಅತ್ತೆ ಕೇಳಿಸಿಕೊಂಡು, “ಮಗುನೇ ಸರಿ. ಐವತ್ತೆಂಟನೇ ವಯಸ್ಸಲ್ಲಿ ಹುಟ್ಟಿದ ಮಗು” ಎಂದರು. ಆಮೇಲೆ ಪುಸ್ತಕ ಕೇಳಿದರು. ನಲವತ್ತೊಂದನ್ನು ತೆಗೆದುಕೊಟ್ಟೆ. ಅವರು ಪುಟ ತಿರುವಿ, ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದರು.

“ಅಳಿಸಿದ್ದಾನಾ? ಎಲ್ಲಿ ಅಳಿಸಿದ್ದಾನೆ? ಇಲ್ಲೇ ಇದೆಯಲ್ಲೇ.”

ನಾನೂ ಮುಟ್ಟಿ ನೋಡಿದೆ. ಅಷ್ಟು ಒತ್ತಿ ಬರೆದದ್ದು ಕಾಗದದ ಹಿಂದೆ ಏಣಿನ ಹಾಗೆ ಎದ್ದಿತ್ತು. ಮುಂದಿನ ಬದಿಯಲ್ಲಿ ಪೆನ್ಸಿಲನ್ನು ಅಡ್ಡ ಮಲಗಿಸಿ, ಕೈ ಭಾರ ಬಿಡದೆ ಅಂಚಿನುದ್ದಕ್ಕೂ ಸವರಿದೆ. ಅಂಚು ಕಪ್ಪಾಯಿತು. ಕಪ್ಪಿನೊಳಗಿಂದ ಬಿಳಿ ಅಕ್ಷರ ಎದ್ದು ಬಂತು: ‘ಓದಿದೆ. ನಗು ಬರಲಿಲ್ಲ.’

ಹದಿನೈದು ದಿನ ಹೀಗೆ ಇಡೀ ಪುಸ್ತಕಕ್ಕೆ ಕಪ್ಪು ಬಳಿದೆ. ಅವರದೆಲ್ಲ ಬಂತು. ನನ್ನದು ಒಂದೂ ಬರಲಿಲ್ಲ. ನಾನು ಹಗುರ ಕೈಯವಳು, ನೀವೇ ಬರೆದಿದ್ದೀರಿ. ಇಷ್ಟು ವರ್ಷ ನನ್ನ ಬರಹವೇ ಮೇಲು ಎಂದುಕೊಂಡಿದ್ದೆ.

ವಾಯಿದೆಗೆ ಎರಡು ದಿನವಿದೆ, ಪುಸ್ತಕ ಹಿಂದಿರುಗಿಸುತ್ತಿದ್ದೇನೆ. ಇಟ್ಟುಕೊಳ್ಳೋಣವೇ ಎಂದು ಅತ್ತೆಯನ್ನು ಕೇಳಿದ್ದೆ. “ಕದಿಯೋದು ಬೇಡ. ಕಳಿಸು, ನೋಡಲಿ” ಎಂದರು. ನಿಯಮ ಹನ್ನೊಂದು ಬರೆಯಬಾರದು ಎನ್ನುತ್ತದೆ. ನಾನು ಒಂದಕ್ಷರವನ್ನೂ ಬರೆದಿಲ್ಲ. ಇನ್ನು ನಿಮ್ಮಿಷ್ಟ.

ಸದಸ್ಯ ಸಂಖ್ಯೆ ೪೧೭


ಸೆಪ್ಟೆಂಬರ್ ೧೨

ಅಕ್ಕನವರಿಗೆ,

ಮೂರನೆಯ ತಾರೀಖು ಸಮಿತಿ ಬಂದಿತ್ತು. ನೀಲಿ ಪುಸ್ತಕವನ್ನು ಕಪಾಟಿನ ಹಿಂದೆ ಸರಿಸಬಹುದಿತ್ತು. ಮೇಜಿನ ಮೇಲೇ ಇಟ್ಟೆ.

ಅಧ್ಯಕ್ಷರು ಬಿಚ್ಚಿ, “ಏನ್ರೀ ಇದು, ಮಸಿ ಹಿಡಿದಿದೆ?” ಎಂದರು.

“ಅಡುಗೆ ಪುಸ್ತಕ ಅಲ್ವಾ ಸಾರ್” ಎಂದೆ.

ಇಪ್ಪತ್ತಾರು ವರ್ಷದಲ್ಲಿ ಅವರ ಮುಂದೆ ನಾನಾಡಿದ ಮೊದಲ ಉಡಾಫೆಯ ಮಾತು. ಅವರು ನಲವತ್ತೊಂದು ಓದಿದರು. ಕುರ್ಚಿ ಎಳೆದುಕೊಂಡರು. ತೊಂಬತ್ತನೆಯ ಪುಟದವರೆಗೆ ಓದಿ, “ಈಯಮ್ಮ ಯಾರ್ರೀ, ಬಹಳ ಜೋರಿದ್ದಾರೆ” ಎಂದರು. ನನ್ನದೇ ಮನೆಯ ಹಿರಿಯರನ್ನು ಹೊಗಳಿದ ಹಾಗೆ ನನಗೆ ಎದೆಯುಬ್ಬಿತು. ಪುಸ್ತಕ ರದ್ದಿಗೆ ಹೋಗಲಿಲ್ಲ.

ಒಂದು ವಿಷಯ ನಿಮಗೆ ಬರೆದಿರಲಿಲ್ಲ. ಅಳಿಸುವ ಮೊದಲು ಪ್ರತಿ ಅಂಚನ್ನೂ ಒಂದು ನೋಟ್‌ಪುಸ್ತಕಕ್ಕೆ ಇಳಿಸಿಕೊಂಡಿದ್ದೆ. ನಿಯಮ ಪಾಲಿಸುವವನು ಇಂಥದ್ದು ಮಾಡಿದೆನೆಂದು ಒಪ್ಪಿಕೊಳ್ಳಲು ಆಗಲಿಲ್ಲ. ನಿಮ್ಮ ನೂರ ಹನ್ನೆರಡು ಅಳತೆಗಳೂ ಅದರಲ್ಲಿವೆ. ನಿಯಮ ಹದಿನಾಲ್ಕರಂತೆ ಪುಸ್ತಕದ ಕೊನೆಗೆ ತಪ್ಪು ಒಪ್ಪುಗಳ ಪಟ್ಟಿ ಅಂಟಿಸಬಹುದು. ನೀಲಿ ಪುಸ್ತಕಕ್ಕೆ ಆರು ಹಾಳೆ ಟೈಪು ಮಾಡಿ ಅಂಟಿಸಿದ್ದೇನೆ. ಕೆಳಗೆ, ‘ತಿದ್ದಿದವರು: ಸದಸ್ಯ ಸಂಖ್ಯೆ ೪೧೭ ಮತ್ತು ಅವರ ಅತ್ತೆ.’ ಮಿಕ್ಕ ಹದಿಮೂರು ಅಡುಗೆ ಪುಸ್ತಕಗಳಿಗೆ ಚಳಿಗಾಲದೊಳಗೆ ಮುಗಿಸುತ್ತೇನೆ. ಅತ್ತೆಯವರ ಅಕ್ಷರವಿರುವ ಪುಸ್ತಕಗಳನ್ನು ಒಂದೊಂದಾಗಿ ನಿಮಗೇ ಕಳಿಸುತ್ತೇನೆ, ಪೆನ್ಸಿಲು ನಿಮ್ಮದು.

ನೋಟ್‌ಪುಸ್ತಕ ಮನೆಯಲ್ಲಿದ್ದ ಕಾರಣ, ಮೆಸ್ಸಿಗೆ ರಜೆಯಿದ್ದ ಒಂದು ದಿನ ಹಾಲು, ಅಕ್ಕಿ, ಸಕ್ಕರೆ ತಂದೆ. ಹಾಲು ತಳ ಹಿಡಿಯಿತು. ಅಂಥ ಹೊತ್ತಿಗೆ ನೀವು ಬರೆದಿರುವುದು: ‘ಕಲಕಬೇಡಿ. ಮೇಲಿನದನ್ನು ಬೇರೆ ಪಾತ್ರೆಗೆ ಬಗ್ಗಿಸಿ.’ ಅದರ ಕೆಳಗೆ ಅತ್ತೆಯವರದು: ‘ಕಲಕಿಯೇ ಕಲಕುತ್ತಾರೆ.’ ಇದನ್ನು ಓದುವಾಗ ನನ್ನ ಕೈ ಕಲಕುತ್ತಿತ್ತು. ಆದರೂ ತಿಂದೆ, ಪೂರ್ತಿ. ಆಮೇಲೆ ಪಾತ್ರೆ ತಿಕ್ಕಲು ಕೂತೆ. ನೀವು ಹೇಳಿದ ಉಪಾಯ ಪರೀಕ್ಷಿಸಲು ಆಗಲಿಲ್ಲ. ನನ್ನದು ಒಬ್ಬನ ಪಾತ್ರೆ, ತಲೆ ಹಿಡಿಸುವುದಿಲ್ಲ.

ಈರುಳ್ಳಿಯ ಪುಟಕ್ಕೆ ಕಣ್ಣೀರು ಹಾಕಿದವನು ನಾನೇ. ಅದು ಸುಳ್ಳೆಂದು ಈಗ ಒಪ್ಪುತ್ತೇನೆ. ಅವಳು ಮುಚ್ಚಿಟ್ಟದ್ದು ಆ ಮನೆಯವರೆಲ್ಲರಿಗೂ ಗೊತ್ತಿತ್ತು, ಯಾರೂ ಕೇಳಲಿಲ್ಲ ಅಷ್ಟೇ ಎಂದು ಓದಿಕೊಂಡರೆ ಮೊದಲಿಗಿಂತ ಒಳ್ಳೆಯ ಕಾದಂಬರಿ.

ಕ್ಷಮೆ ಕೇಳುವ ಸಾಲನ್ನು ನಾಲ್ಕು ಸಲ ಬರೆದು ನಾಲ್ಕು ಸಲ ಅಳಿಸಿದ್ದೇನೆ. ಕಾಗದವನ್ನು ಓರೆಯಾಗಿ ಹಿಡಿದರೆ ಕಾಣಿಸುತ್ತದೆ.

ಗ್ರಂಥಪಾಲಕ


ಸೆಪ್ಟೆಂಬರ್ ೨೫

ಗ್ರಂಥಪಾಲಕರಿಗೆ,

ನಿಮ್ಮ ಪತ್ರವನ್ನೇ ಇದರೊಳಗಿಟ್ಟು ಹಿಂದಕ್ಕೆ ಕಳಿಸುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ಓದಿ ಮುಗಿಸಿದಾಗ ಅತ್ತೆ ಕಾಗದ ಕೈಗೆ ತೆಗೆದುಕೊಂಡರು. ಆಮೇಲೆ, “ಪೆನ್ಸಿಲ್ ಎಲ್ಲಿಟ್ಟಿದ್ದೀಯ?” ಎಂದರು. ಎರಡು ವರ್ಷದ ಮೇಲೆ ಕೇಳಿದ್ದು. ನಾನು ಕೈ ಹಿಡಿದು ಕಾಗದದ ಅಂಚು ತೋರಿಸಲು ಹೋದೆ. “ಬಿಡೇ, ಅಂಚು ಎಲ್ಲಿದೆ ಅಂತ ನನಗೆ ಗೊತ್ತಿಲ್ವಾ?” ಎಂದರು. ಗೊತ್ತಿರಲಿಲ್ಲ. ಸಾಲು ಅಂಚಿನಿಂದ ಶುರುವಾಗಿ ನಿಮ್ಮ ಅಧ್ಯಕ್ಷರ ಮೇಲೆ, ಹಾಲಿನ ಮೇಲೆ, ಈರುಳ್ಳಿಯ ಮೇಲೆ ಹತ್ತಿ ಹೋಗಿದೆ. ಒತ್ತಿ ಬರೆಯುವುದು ಮಾತ್ರ ಹಾಗೇ ಇದೆ. ಕೆಳಗಿದ್ದ ಮೇಜಿನ ಬಟ್ಟೆಯ ಮೇಲೂ ಮೂಡಿದೆ. ನಿಮಗೆ ಓದಲು ಕಷ್ಟವಾಗಬಹುದೆಂದು ಇಲ್ಲಿ ನಕಲು ಮಾಡಿದ್ದೇನೆ:

‘ಕೇಳಿದೆ. ಒಂದು ಕಡೆ ನಗು ಬಂತು.’

ಯಾವ ಕಡೆ ಎಂದು ಕೇಳಿದೆ.

“ಅವನೇ ಹುಡುಕ್ಕೊಳ್ಳಲಿ” ಎಂದರು.

ಸದಸ್ಯ ಸಂಖ್ಯೆ ೪೧೭ ಮತ್ತು ಅತ್ತೆ